ಬುಷ್ಷಮ್ಮನ ಉಗಿ ಎಂಜಿನ್ನು

ಕಂಡಕ್ಟರನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಇಡೀ ಬೀದಿಗೇ ಗೊತ್ತಿತ್ತು. ಸಿಟಿ ಬಸ್ಸಿನ ಗದ್ದಲದಲ್ಲಿ "ಒಳಗೆ ಹೋಗಿ, ಬಾಗಿಲು ಬಿಡಿ" ಎಂದು ಕೂಗಿ ಕೂಗಿ ಪಳಗಿದ ಗಂಟಲು ಅದು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ ಅದನ್ನು ತಗ್ಗಿಸುವುದು ಅವನಿಗೆ ಬರಲಿಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆಯೆಂದು ಅವನು ಹೆಂಡತಿಗೆ ಹೇಳಿದರೆ, ಮೂಲೆಯಂಗಡಿಯವನು ಅಷ್ಟರಲ್ಲೇ ಪೊಟ್ಟಣ ತೆಗೆದಿಟ್ಟಿರುತ್ತಿದ್ದ.

ಹೆಂಡತಿ ತದ್ವಿರುದ್ಧ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ವಯಸ್ಸು ಕಳೆದವಳು. ಲೇತಿನ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಎಂದೋ ಬಿಟ್ಟುಬಿಟ್ಟಿದ್ದಳು, ಆಮೇಲೆ ಸದ್ದಿಲ್ಲದ ಕಡೆಯೂ ಅದೇ ರೂಢಿಯಾಯಿತು. ಪಂಪಿನೊಳಗೆ ದಂಡ ತಿರುಗುವ ಜಾಗದಲ್ಲಿ ದಪ್ಪ ಬಳೆಯಂಥ ಕಂಚಿನ ತುಂಡೊಂದು ಕೂರುತ್ತದೆ. ಅದಕ್ಕೆ ಬುಷ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ದಿನ ಅವಳ ಕೈಗೆ ಕೊಟ್ಟದ್ದು ಬುಷ್ಷು, ಬಿಟ್ಟು ಬಂದ ದಿನ ಅವಳ ಕೈಯಲ್ಲಿದ್ದದ್ದೂ ಬುಷ್ಷೇ. ಚಕ್ರ ಮಾಡುವವರು ಬೇರೆ, ದಂಡ ಮಾಡುವವರು ಬೇರೆ, ಜೋಡಿಸುವವರಂತೂ ಬೇರೆ ಶೆಡ್ಡಿನವರು. ಅಲ್ಲಿ ಅವಳನ್ನು ಎಲ್ಲರೂ ಬುಷ್ಷಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಮನೆಗೂ ಬೀದಿಗೂ ಹೊತ್ತು ತಂದವನು ಕಂಡಕ್ಟರೇ.

ಕಾರ್ಖಾನೆಯವರು ಹಳೆಯ ಯಂತ್ರಗಳನ್ನೆಲ್ಲ ಗುಜರಿಗೆ ಹಾಕುವಾಗ ಬುಷ್ಷಮ್ಮ ಒಂದು ಚಿಕ್ಕ ಲೇತನ್ನು ಕೇಳಿ ಪಡೆದಳು. ಅದು ಕೈಗಾಡಿಯ ಮೇಲೆ ಮನೆಗೆ ಬಂದಾಗ, ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆ ಬಿಟ್ಟರೆ ಇಡಲು ಬೇರೆ ಜಾಗವಿರಲಿಲ್ಲ. ಊರಿನ ಇನ್ನೊಂದು ಕಡೆಯಲ್ಲಿದ್ದ ಮಗಳು ವಾರದ ರಜೆಗೆ ಬಂದವಳು ಆ ಕೋಣೆ ನೋಡಿ ಬಾಯಿ ಮೇಲೆ ಕೈಯಿಟ್ಟಳು.

"ಅಮ್ಮಾ, ಇನ್ಮೇಲೆ ಬಟ್ಟೆ ಎಲ್ಲಿ ಒಗೀತೀಯ?"

"ನಾನ್ಯಾಕೆ ಒಗೀಲಿ? ನಿಮ್ಮಪ್ಪ ಸುಮ್ನೆ ಕೂತಿದಾರಲ್ಲ."

"ಅಲ್ಲಮ್ಮ, ಇದರಲ್ಲಿ ಏನು ಮಾಡ್ತೀಯ? ಮತ್ತೆ ಬುಷ್ಷಾ?"

ಬುಷ್ಷಮ್ಮ ಲೇತಿನ ಮೇಲಿನ ಧೂಳನ್ನು ಒರೆಸಿದಳು. "ಎಂಜಿನ್ನು ಮಾಡ್ತೀನಿ. ಉಗೀಲಿ ಓಡೋದು. ಚಿಕ್ಕದು, ಮೇಜಿನ ಮೇಲೆ ಇಡೋ ಅಷ್ಟು. ಮೊದಲಿಂದ ಕೊನೇವರೆಗೂ ನನ್ನ ಕೈಯಲ್ಲೇ ಆಗ್ಬೇಕು. ಒಂದು ಸ್ಕ್ರೂ ಕೂಡ ಬೇರೆಯವರು ಮುಟ್ಟೋ ಹಾಗಿಲ್ಲ."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿ ಕಂಡಕ್ಟರ್ ಆ ಕ್ಷಣವೇ ಅದನ್ನು ನಂಬಿಬಿಟ್ಟ. ಸಂಜೆಯ ಹೊತ್ತಿಗೆ ಚಹಾದಂಗಡಿಗೂ ಸುದ್ದಿ ಮುಟ್ಟಿತು.

ಕೆಲಸ ಶುರುವಾದ ಮೇಲೆ ಅವನಿಗೆ ಸಿಕ್ಕ ಜಾಗ ಹೊಸ್ತಿಲು. ಅದರಿಂದಾಚೆಗೆ ಪ್ರವೇಶವಿಲ್ಲ. ಅಲ್ಲೇ ಒಂದು ಮಣೆ ಹಾಕಿಕೊಂಡು ಕೂರುತ್ತಿದ್ದ. ಕಂಚಿನ ದಿಮ್ಮಿಯೊಳಗೆ ಅವಳು ಸಿಲಿಂಡರ್ ಕೊರೆದದ್ದನ್ನು, ಎರಕದ ಕಬ್ಬಿಣದ ಒರಟು ಬಿಲ್ಲೆಯೊಂದು ಲೇತಿನಲ್ಲಿ ಸುತ್ತಿ ಸುತ್ತಿ ಹೊಳೆಯುವ ಚಕ್ರವಾದದ್ದನ್ನು, ಪಿಸ್ಟನ್ನನ್ನು ಸಿಲಿಂಡರಿಗಿಳಿಸಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ, ಅದು ಜಾರದೆ ನಿಂತರೆ ಅವಳು ತಲೆಯಾಡಿಸಿದ್ದನ್ನು ಅವನು ಅಲ್ಲಿಂದಲೇ ಕಂಡ. ಕಂಡದ್ದನ್ನೆಲ್ಲ ಚಹಾದಂಗಡಿಯಲ್ಲಿ ಬಿಡಿಬಿಡಿಯಾಗಿ ಹಂಚಿದ. "ಹೆಬ್ಬೆರಳು ಇಟ್ಟಳು ನೋಡಿ, ಪಿಸ್ಟನ್ನು ಅಲ್ಲೇ ನಿಂತ್ಬಿಡ್ತು! ಗಾಳಿ ಕೂಡ ನುಸುಳಲ್ಲ!" ಎಂದು ಅವನು ಎದೆಯುಬ್ಬಿಸಿ ಹೇಳುವಾಗ ಪಿಸ್ಟನ್ ಎಂದರೇನೆಂದು ತಿಳಿಯದವರೂ ಹೂಂಗುಟ್ಟುತ್ತಿದ್ದರು.

ಎಂಜಿನ್ನಿನ ತುಂಡುಗಳೆಲ್ಲ ಕೂಡಿ ಹಲಗೆಯ ಮೇಲೆ ನಿಂತ ದಿನ ಬುಷ್ಷಮ್ಮ ಹೊಸ್ತಿಲಿನತ್ತ ತಿರುಗಿದಳು.

"ಬಾಯ್ಲರ್ ಇನ್ನೂ ಆಗಿಲ್ಲ. ಅಷ್ಟರೊಳಗೆ ಗಾಳೀಲಿ ಓಡಿಸಿ ನೋಡ್ಬೇಕು. ಗಾಳಿ ಬೇಕು, ರೀ."

ತನ್ನಿಂದ ಏನೋ ಬೇಕು ಎಂದದ್ದೇ ತಡ, ಕಂಡಕ್ಟರ್ ಚಪ್ಪಲಿ ಮೆಟ್ಟಿದ. ಡಿಪೋ ಎದುರಿನ ಪಂಕ್ಚರ್ ಅಂಗಡಿಯವನು ಹಳೆಯ ಪರಿಚಯ. ಅವನಿಂದ ಲಾರಿಯ ಟ್ಯೂಬೊಂದನ್ನು ಗಾಳಿ ತುಂಬಿಸಿಕೊಂಡು, ಹೆಗಲಿಗೆ ಸಿಕ್ಕಿಸಿಕೊಂಡು, ನಡುಬೀದಿಯಲ್ಲೇ ಬಂದ.

"ಏನ್ ಕಂಡಕ್ಟರ್ರೇ, ಈಜು ಕಲಿಯೋಕೆ ಹೊರಟ್ರಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರು.

"ಎಂಜಿನ್ ಓಡಿಸೋಕೆ! ನೀವು ಅಲ್ಲೇ ಕೂತಿರಿ!"

ಬುಷ್ಷಮ್ಮ ಟ್ಯೂಬಿನ ಬಾಯಿಂದ ಎಂಜಿನ್ನಿಗೆ ರಬ್ಬರ್ ಕೊಳವೆ ಜೋಡಿಸಿದಳು. ಕ್ಲಿಪ್ಪು ತೆಗೆದಾಗ ಚಕ್ರ ಮಿಸುಕಿತು, ಅರ್ಧ ಸುತ್ತು ಹೋಗಿ ನಿಂತಿತು. ಬೆರಳಿನಿಂದ ತಳ್ಳಿದಳು. ಮತ್ತೆ ಅರ್ಧ ಸುತ್ತು. ಕಂಡಕ್ಟರನ ಮುಖ ಚಿಕ್ಕದಾಯಿತು. ಬುಷ್ಷಮ್ಮ ಒಮ್ಮೆ ಟ್ಯೂಬನ್ನು ನೋಡಿದಳು, ಒಮ್ಮೆ ಗಂಡನ ಹೊಟ್ಟೆಯನ್ನು ನೋಡಿದಳು.

"ಕೂತ್ಕೊಳ್ಳಿ."

"ಎಲ್ಲಿ?"

"ಅದರ ಮೇಲೆ. ಒತ್ತಡ ಸಾಲ್ದು."

ಕಂಡಕ್ಟರ್ ಎರಡೂ ಕೈಗಳಿಂದ ಗೋಡೆ ಹಿಡಿದು ಟ್ಯೂಬಿನ ಮೇಲೆ ಕೂತ. ಟ್ಯೂಬು ನರಳಿತು. ಚಕ್ರ ಒಂದು ಸುತ್ತು ಹೋಯಿತು, ಇನ್ನೊಂದು ಹೋಯಿತು, ಆಮೇಲೆ ಬುಸಬುಸ ಎನ್ನುತ್ತ ಓಡಿಯೇಬಿಟ್ಟಿತು. ಅವನು ಸ್ವಲ್ಪ ಕುಪ್ಪಳಿಸಿದರೆ ಅದರ ವೇಗ ಏರುತ್ತಿತ್ತು, ಸುಮ್ಮನೆ ಕೂತರೆ ಇಳಿಯುತ್ತಿತ್ತು. ಕುಪ್ಪಳಿಸಿ ಕುಪ್ಪಳಿಸಿ ಅವನಿಗೆ ನಗು ತಡೆಯಲಾಗಲಿಲ್ಲ.

"ನೋಡೇ, ನೋಡೇ! ನನ್ನ ಭಾರಕ್ಕೇ ಓಡ್ತಿದೆ!"

"ಹಿಂದಕ್ಕೆ ತಿರುಗ್ತಿದೆ," ಎಂದಳು ಬುಷ್ಷಮ್ಮ.

"ತಿರುಗಲಿ ಬಿಡೇ. ಬಸ್ಸಿಗೂ ರಿವರ್ಸ್ ಬೇಕಲ್ವಾ?"

ಅವಳು ಒಂದು ಸ್ಕ್ರೂ ಸಡಿಲಿಸಿ, ಕವಾಟ ಆಡಿಸುವ ಬಿಲ್ಲೆಯನ್ನು ದಂಡದ ಮೇಲೆ ತಿರುಗಿಸಿ ಕೂರಿಸಿ, ಮತ್ತೆ ಬಿಗಿದಳು. ಈಗ ಚಕ್ರ ನೆಟ್ಟಗೆ ಮುಂದಕ್ಕೆ ಓಡಿತು. ಬಗ್ಗಿ ಕಿವಿಯಿಟ್ಟು ಕೇಳಿದಳು. ಕೇಳುತ್ತಿದ್ದವಳ ತುಟಿಗಳು ಒಳಗೆ ಮಡಚಿಕೊಂಡದ್ದನ್ನು ಕಂಡಕ್ಟರ್ ನೋಡಿದ. ಅವಳು ನಗುವುದು ಹಾಗೇ. ಮಗಳು ಹುಟ್ಟಿದಾಗಲೂ ಹಾಗೇ ನಕ್ಕಿದ್ದಳು.

ಆ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿಲ್ಲದ ಕಾಲು ಹೋಗಿ ಎಡವಿದ್ದೂ ಆ ದಿನವೇ. ಮಾರುಕಟ್ಟೆಯಲ್ಲಿ ಕಾರ್ಖಾನೆಯ ಹಳೆಯ ಮೇಸ್ತ್ರಿ ಸಿಕ್ಕಿದ. ಅವಳ ಸಾಲಿನ ಮೇಲ್ವಿಚಾರಣೆ ಮಾಡುತ್ತಿದ್ದವನು, ಈಗ ನಿವೃತ್ತರ ಸಂಘದ ಅಧ್ಯಕ್ಷ. ಕಂಡಕ್ಟರ್ ಟ್ಯೂಬಿನ ಕಥೆಯನ್ನೆಲ್ಲ ಕೈಕಾಲು ಆಡಿಸಿ ಹೇಳಿದ.

"ಹಾಗಾದ್ರೆ ನಮ್ಮ ವಾರ್ಷಿಕ ಸಭೆಗೆ ತನ್ನಿ. ಎಲ್ಲರ ಮುಂದೆ ಉಗೀಲೇ ಓಡಿಸಲಿ," ಎಂದ ಮೇಸ್ತ್ರಿ.

"ಅದಕ್ಕೇನಂತೆ! ತಂದೇ ತರ್ತೀವಿ!"

ಮನೆಗೆ ಬಂದು ಹೇಳಿದಾಗ ಬುಷ್ಷಮ್ಮ ಕೈಯಲ್ಲಿದ್ದ ಅರವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾರನ್ನ ಕೇಳಿ ಒಪ್ಪಿಕೊಂಡ್ರಿ?"

"ಅಲ್ಲ... ಓಡ್ತಲ್ಲ, ಅದಕ್ಕೇ..."

"ಓಡಿದ್ದು ಗಾಳೀಲಿ. ಬಾಯ್ಲರೆಲ್ಲಿದೆ? ನೀವು ಹೋಗಿ ಸಭೇಲಿ ಟ್ಯೂಬಿನ ಮೇಲೆ ಕೂರ್ತೀರಾ?"

ಅವಳು ಬೈದರೆ ಅವನು ತಡೆದುಕೊಳ್ಳುತ್ತಿದ್ದ. ಬೈಯದೆ ತಟ್ಟೆ ಮುಂದಿಟ್ಟು ಹೋದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಬಾಯ್ಲರಿಗೆ ತಾಮ್ರದ ದಪ್ಪ ಕೊಳವೆ ತಂದಿದ್ದಳು. ಎರಡು ತುದಿಗೂ ತಾಮ್ರದ ಮುಚ್ಚಳ, ಒಳಗೆ ಬೆಂಕಿಯ ಬಿಸಿ ಹಾಯಲು ಸಣ್ಣ ಸಣ್ಣ ನಳಿಗೆಗಳು. ಎಲ್ಲವನ್ನೂ ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸಬೇಕು. ಅವಳು ಒಬ್ಬಳೇ ಒಂದು ಕೈಯಲ್ಲಿ ಗ್ಯಾಸಿನ ಉರಿ, ಇನ್ನೊಂದರಲ್ಲಿ ಬೆಸುಗೆ ಕಡ್ಡಿ ಹಿಡಿದು ಶುರುಮಾಡಿದಳು. ಆದರೆ ತಾಮ್ರ ಬಲು ಚಪಲದ ಲೋಹ. ಬಿಸಿ ಕೊಟ್ಟ ಕಡೆ ಇಟ್ಟುಕೊಳ್ಳುವುದಿಲ್ಲ, ಮೈಯೆಲ್ಲ ಹಂಚಿಬಿಡುತ್ತದೆ. ಇಲ್ಲಿ ಕಾಯಿಸಿದರೆ ಅಲ್ಲಿ ಆರುತ್ತಿತ್ತು. ಬೆಸುಗೆ ಕರಗಿ ಹರಿಯದೆ ಮಣಿಗಟ್ಟಿ ಉರುಳಿ ಬಿತ್ತು. ಮರುದಿನವೂ ಹಾಗೇ. ಅದರ ಮರುದಿನ ಕಂಡಕ್ಟರ್ ಬಟ್ಟೆ ಒಣಹಾಕಿ ಒಳಗೆ ಬಂದಾಗ ಅವಳು ಹೊಸ್ತಿಲ ಮೇಲೆ, ಅವನ ಮಣೆಯ ಮೇಲೆ ಕೂತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ಹಾಗೆ ಕೂತದ್ದನ್ನು ಅವನು ಕಂಡಿರಲೇ ಇಲ್ಲ.

"ಏನಾಯ್ತೇ?"

"ಎರಡು ಕೈ ಸಾಲ್ತಿಲ್ಲ."

ಆ ಮಾತು ಆಡಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವನಿಗೆ ತಿಳಿಯಿತು. ಕಾಲ ಬಳಿ ನೆಲದ ಮೇಲೆ ಕೂತ. "ಮೇಸ್ತ್ರಿಗೆ ಹೇಳ್ಲಾ? ಕಾರ್ಖಾನೆಯಿಂದ ಯಾರಾದ್ರೂ ಬೆಸುಗೆಯವರನ್ನ ಕಳಿಸ್ತಾನೆ."

"ಬೇಡ."

"ಮತ್ತೆ?"

ಅವಳು ಅವನ ಕೈಗಳನ್ನೇ ನೋಡಿದಳು. "ನಿಮ್ಮ ಕೈ ಖಾಲಿ ಇದೆಯಲ್ಲ."

ಮೊಳೆಗೂ ಬೆರಳಿಗೂ ವ್ಯತ್ಯಾಸ ತಿಳಿಯದೆ ಸುತ್ತಿಗೆ ಬೀಸುವವನೆಂದು ಮನೆಯಲ್ಲಿ ಹೆಸರಾದವನ ಕೈ ಅದು. ಆದರೂ ಕಂಡಕ್ಟರ್ ಎದ್ದು ಹೊಸ್ತಿಲು ದಾಟಿದ.

ಮೊದಲು ತಾಮ್ರದ ಚೂರುಗಳ ಮೇಲೆ ಕಲಿಸಿದಳು. ಅವನು ದೊಡ್ಡ ಉರಿ ಹಿಡಿದು ಇಡೀ ಲೋಹವನ್ನು ಒಂದೇ ಸಮ ಕೆಂಪಗಿಡಬೇಕು. ಅವಳು ಚಿಕ್ಕ ಉರಿ ಮತ್ತು ಕಡ್ಡಿ ಹಿಡಿದು ಬೆಸುಗೆಯನ್ನು ನಡೆಸುತ್ತಾಳೆ. ಅವನ ಕೈಯಲ್ಲಿ ಉರಿ ಅಲ್ಲಿಂದಿಲ್ಲಿಗೆ ಹಾರಿತು.

"ನೊಣ ಓಡಿಸ್ತಿದೀರಾ?" ಎಂದಳು. "ನಿಧಾನಕ್ಕೆ. ಭುಜ ಬಿಗಿ ಹಿಡೀಬೇಡಿ. ಓಡೋ ಬಸ್ಸಲ್ಲಿ ಏನೂ ಹಿಡ್ಕೊಳ್ದೆ ಹೇಗೆ ನಿಲ್ತಿದ್ರಿ?"

"ಅದು ಕಾಲಲ್ಲಿ ನಿಲ್ಲೋದು ಕಣೇ."

"ಇದೂ ಕಾಲಲ್ಲೇ."

ಅವನು ಪಾದಗಳನ್ನು ಅಗಲಿಸಿ, ಮೊಣಕಾಲು ತುಸು ಮಡಚಿ, ತಿರುವಿನಲ್ಲಿ ಬಸ್ಸು ವಾಲುವಾಗ ನಿಲ್ಲುವಂತೆ ನಿಂತ. ಕೈ ತಾನಾಗಿಯೇ ಸ್ಥಿಮಿತಕ್ಕೆ ಬಂತು. ಅವಳು ಒಂದೇ ಒಂದು ಷರತ್ತು ಹಾಕಿದಳು. "ಉರಿ ಹೊತ್ತಿದ ಮೇಲೆ ಮಾತಾಡೋ ಹಾಗಿಲ್ಲ. ನಾನು ಮೇಲೆ ಅಂದ್ರೆ ಮೇಲೆ, ಹತ್ತಿರ ಅಂದ್ರೆ ಹತ್ತಿರ. ಅಷ್ಟೇ." ಇಡೀ ಬಸ್ಸನ್ನು ಒಂದು ಶಿಳ್ಳೆಯಲ್ಲಿ ನಿಲ್ಲಿಸಿ ಹೊರಡಿಸುತ್ತಿದ್ದವನು ಹೂಂ ಎಂದ.

ನಿಜವಾದ ಬಾಯ್ಲರಿನ ಸರದಿ ಬಂದ ಬೆಳಿಗ್ಗೆ, ಲೋಹದ ಬಣ್ಣ ಸರಿಯಾಗಿ ಕಾಣಲೆಂದು ಕಿಟಕಿಗೆ ಬಟ್ಟೆ ಕಟ್ಟಿ ಕೋಣೆಯನ್ನು ಮಬ್ಬು ಮಾಡಿಕೊಂಡರು. ಉರಿ ಗುಯ್ ಎಂದಿತು. ಕಂಡಕ್ಟರ್ ಕಾಯಿಸಿದ, ಕಾಯಿಸುತ್ತಲೇ ಹೋದ. ತಾಮ್ರ ಕಪ್ಪಾಯಿತು, ಬೆಸುಗೆ ಹರಿಯಲೆಂದು ಹಚ್ಚಿದ್ದ ಬಿಳಿಯ ಪುಡಿ ಉಬ್ಬಿ ಕರಗಿ ಗಾಜಿನಂತೆ ಹರಡಿತು, ಆಮೇಲೆ ಇಡೀ ಕೊಳವೆ ಒಳಗಿನಿಂದಲೇ ಮಂದ ಕೆಂಪಿಗೆ ತಿರುಗಿತು. "ಹತ್ತಿರ," ಎಂದಳು. "ಎಡಕ್ಕೆ. ಸಾಕು." ಕಡ್ಡಿ ಮುಟ್ಟಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಬೆಳ್ಳಿ ಮಿಂಚಿ, ಸಂದಿನ ಸುತ್ತ ಓಡಿ, ತಾನು ಹೊರಟ ಜಾಗಕ್ಕೇ ಬಂದು ಸೇರಿತು.

ಆರಿದ ಮೇಲೆ ಕಪ್ಪು ಕಳೆಯಲೆಂದು ಹುಳಿನೀರಿನ ಬಕೆಟ್ಟಿನಲ್ಲಿ ನೆನೆಹಾಕಿ ತೆಗೆದಾಗ ಬಾಯ್ಲರು ಎಳೆಗೂಸಿನ ಅಂಗಾಲಿನಂತೆ ಗುಲಾಬಿಯಾಗಿತ್ತು. ಇನ್ನು ಪರೀಕ್ಷೆ. ಒಳಗೆ ನೀರು ತುಂಬಿ, ಉಗಿಯ ಎರಡರಷ್ಟು ಒತ್ತಡ ಬರುವವರೆಗೆ ಕೈಪಂಪಿನಿಂದ ಒತ್ತಬೇಕು. ನೀರಾದರೆ, ಎಲ್ಲಾದರೂ ಬಿಟ್ಟುಕೊಂಡರೂ ಸಿಡಿಯುವುದಿಲ್ಲ, ತೊಟ್ಟಿಕ್ಕುತ್ತದೆ ಅಷ್ಟೇ. ಮೀಟರಿನ ಮುಳ್ಳು ಏರಿತು, ನಿಂತಿತು. ಆಮೇಲೆ ಕಂಡೂ ಕಾಣದಂತೆ ಹಿಂದೆ ಸರಿಯತೊಡಗಿತು. ಕೆಳಗಿನ ಮುಚ್ಚಳದಲ್ಲಿ, ಒಂದು ನಳಿಗೆಯ ಬುಡದಲ್ಲಿ, ನೀರಿನ ಹನಿಯೊಂದು ಹುಟ್ಟಿ ದಪ್ಪಗಾಯಿತು.

"ಅದು ನನ್ನ ಕಡೇದು," ಎಂದ ಕಂಡಕ್ಟರ್. ಧ್ವನಿ ಪಕ್ಕದ ಮನೆಗೆ ಕೇಳಿಸುವ ಹಾಗಿರಲಿಲ್ಲ.

"ಹೌದು. ಅಲ್ಲಿ ಉರಿ ಕಮ್ಮಿ ಬಿದ್ದಿದೆ." ಸಮಾಧಾನ ಮಾಡುವುದು ಅವಳ ಜಾಯಮಾನವಲ್ಲ. ಹನಿಯನ್ನು ಬೆರಳಿನಿಂದ ಒರೆಸಿದಳು. "ನಾಳೆ ಮತ್ತೆ ಕಾಯಿಸೋಣ."

ಕಾಯಿಸೋಣ ಎಂದಳು, ಕಾಯಿಸ್ತೀನಿ ಎನ್ನಲಿಲ್ಲ. ಕಂಡಕ್ಟರ್ ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡ.

ಮತ್ತೆ ಕಾಯಿಸುವುದೆಂದರೆ ಸಣ್ಣ ವಿಷಯವಲ್ಲ. ಒಂದು ಸಂದು ಮುಚ್ಚಲು ಹೋಗಿ ಚೆನ್ನಾಗಿದ್ದ ಸಂದುಗಳೂ ಬಿಟ್ಟುಕೊಂಡರೆ ಇಡೀ ಬಾಯ್ಲರೇ ಹಾಳು. ಆ ಸಂಜೆ ಬಂದ ಮಗಳು ಅಪ್ಪನ ಸುಟ್ಟ ಹುಬ್ಬು ನೋಡಿ ನಗಲೋ ಅಳಲೋ ತಿಳಿಯದೆ ಹೇಳಿದಳು, "ಬಾಯ್ಲರ್ ರೆಡಿಮೇಡ್ ಸಿಗುತ್ತಂತಮ್ಮ. ತರಿಸಿಕೊಡ್ಲಾ? ಸಭೆ ಬೇರೆ ಹತ್ತಿರ ಬಂತು."

ಬುಷ್ಷಮ್ಮ ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಹೇಳಿಬಿಟ್ಟ, "ಬೇಡ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. "ಆಗದಿದ್ರೆ ಸಭೇಲಿ ನಾನು ಎದ್ದು ಹೇಳ್ತೀನಿ, ಬಾಯಿಬಡುಕ ನಾನು ಅಂತ. ತರಿಸೋದು ಮಾತ್ರ ಬೇಡಮ್ಮ."

ಬುಷ್ಷಮ್ಮನ ತುಟಿ ಒಳಗೆ ಮಡಚಿಕೊಂಡಿತು.

ಮರುದಿನ ಅವನು ಉರಿಯನ್ನು ಆ ನಳಿಗೆಯ ಬುಡಕ್ಕೆ ಕೆಳಗಿನಿಂದ ಹಿಡಿದು, ಅವಳು "ಸಾಕು" ಎನ್ನುವವರೆಗೆ ಕಣ್ಣು ಮಿಟುಕಿಸದೆ ನಿಂತ. ಮಧ್ಯಾಹ್ನ ಮತ್ತೆ ನೀರು ತುಂಬಿದರು. ಮುಳ್ಳು ಏರಿತು, ನಿಂತಿತು. ಅವಳು ಚಹಾ ಮಾಡಿ ತಂದಳು. ಇಬ್ಬರೂ ಲೇತಿನ ಪಕ್ಕದಲ್ಲಿ ನಿಂತು, ಮುಳ್ಳನ್ನೇ ನೋಡುತ್ತ ಚಹಾ ಕುಡಿದರು. ಲೋಟ ಖಾಲಿಯಾದರೂ ಮುಳ್ಳು ಕದಲಲಿಲ್ಲ. ಅವಳು ಲೋಟಗಳನ್ನು ತೊಳೆದಿಟ್ಟು ಬಂದಳು. ಆಗಲೂ ಕದಲಲಿಲ್ಲ.

ಸಂಜೆ ಚಹಾದಂಗಡಿಯವರು ಕೇಳಿದರು, "ಏನ್ ಕಂಡಕ್ಟರ್ರೇ, ಎಲ್ಲಿವರೆಗೆ ಬಂತು?"

"ನಡೀತಿದೆ," ಎಂದ. ಅವರು ಮುಂದಿನ ಮಾತಿಗೆ ಕಾದರು. ಮುಂದೆ ಮಾತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂದುಕೊಂಡರು.

ಸಭೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಉದ್ದುದ್ದ ಮೇಜುಗಳನ್ನು ಗೋಡೆಗೆ ಸರಿಸಿ ಒಂದನ್ನು ಮಾತ್ರ ನಡುವೆ ಇಟ್ಟಿದ್ದರು. ಅದರ ಮೇಲೆ ಬಾಯ್ಲರು, ಪಕ್ಕದಲ್ಲಿ ಎಂಜಿನ್ನು. ಮೇಸ್ತ್ರಿ ಮೈಕು ಹಿಡಿದು ಬುಷ್ಷಮ್ಮನ ಗುಣಗಾನ ಮಾಡಿ, "ಈಗ ನಮ್ಮ ಕಂಡಕ್ಟರು ನಾಲ್ಕು ಮಾತಾಡ್ತಾರೆ. ನಾಲ್ಕೇ ಮಾತಾಡಲಿ ಅಂತ ಪ್ರಾರ್ಥನೆ," ಎಂದು ಎಲ್ಲರನ್ನೂ ನಗಿಸಿ ಮೈಕು ಕೊಟ್ಟ. ಕಂಡಕ್ಟರ್ ಎದ್ದ. ಬಾಯಿ ತೆರೆದ. ಮನಸ್ಸಿನ ತುಂಬ ಇದ್ದದ್ದು ಆ ಮಂದ ಕೆಂಪು ಬಣ್ಣ, ಸಂದಿನಲ್ಲಿ ಓಡಿದ ಬೆಳ್ಳಿ. ಅದಕ್ಕೆ ಮಾತೆಲ್ಲಿಂದ ತರುವುದು? "ಓಡುತ್ತೆ. ನೋಡಿ," ಎಂದು ಕೂತುಬಿಟ್ಟ.

ಬುಷ್ಷಮ್ಮ ಬಾಯ್ಲರಿನ ಅಡಿಯ ಬರ್ನರು ಹೊತ್ತಿಸಿದಳು. ನೀರು ಕಾಯಲು ಹೊತ್ತು ಹಿಡಿಯಿತು. ಜನ ತಮ್ಮ ತಮ್ಮಲ್ಲೇ ಮಾತಿಗಿಳಿದರು, ಯಾರೋ ಹಿಂದಿನಿಂದ "ಅಕ್ಕಾ, ಅದರಲ್ಲೇ ಚಹಾನೂ ಮಾಡಿಬಿಡಿ" ಎಂದರು. ಅವಳು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ತಣ್ಣಗಿದ್ದ ಸಿಲಿಂಡರ್ ಪಿಚಕ್ಕನೆ ನೀರು ಉಗುಳಿತು. ಚಕ್ರ ಒಮ್ಮೆ ಜರ್ಕು ಹೊಡೆದು ನಿಂತಿತು. ಅವಳು ಒಂದು ಬೆರಳು ತಾಗಿಸಿದಳು.

ಓಡಿತು. ಟ್ಯೂಬಿನ ಗಾಳಿಯಲ್ಲಿ ಓಡಿದ್ದೇ ಬೇರೆ, ಇದೇ ಬೇರೆ. ಇದಕ್ಕೆ ಮೈಯಲ್ಲಿ ಬಿಸಿಯಿತ್ತು, ಉಸಿರಿನಲ್ಲಿ ಕಾದ ಎಣ್ಣೆಯ ವಾಸನೆಯಿತ್ತು. ಪುಸುಪುಸು ಎನ್ನುತ್ತ ಬಿಳಿಯ ಎಳೆ ಬಿಡುತ್ತ, ಚಕ್ರದ ಅಂಚು ಒಂದೇ ಹೊಳಪಾಗಿ ಕಾಣುವಷ್ಟು ವೇಗ ಹಿಡಿಯಿತು. ಮಾತಾಡುತ್ತಿದ್ದವರ ಮಾತು ಅಲ್ಲಲ್ಲೇ ನಿಂತಿತು. ಅಷ್ಟರಲ್ಲಿ ಒತ್ತಡ ಹೆಚ್ಚಾಗಿ ಮೇಲಿನ ಸುರಕ್ಷಾ ಕವಾಟ ಬುಸ್ಸೆಂದು ಉಗಿ ಕಕ್ಕಿತು. ಮುಂದಿನ ಸಾಲಿನವರೆಲ್ಲ ಎದ್ದು ಒಬ್ಬರ ಮೇಲೊಬ್ಬರು ಬಿದ್ದರು.

"ಅದನ್ನ ಇಟ್ಟಿರೋದೇ ಅದಕ್ಕೆ," ಎಂದಳು ಬುಷ್ಷಮ್ಮ ತಣ್ಣಗೆ. ಕ್ಯಾಂಟೀನು ನಗೆಯಲ್ಲಿ ಮುಳುಗಿತು, ನಗೆ ಹಾಗೇ ಚಪ್ಪಾಳೆಯಾಯಿತು.

ಅವಳ ಸಾಲಿನಲ್ಲೇ ಕೆಲಸ ಮಾಡಿದ್ದ ಹೆಂಗಸರು ಮೇಜಿನ ಸುತ್ತ ಮುತ್ತಿಕೊಂಡರು. ಅವರಲ್ಲೊಬ್ಬಳು ತನ್ನ ಕಾಲವನ್ನೆಲ್ಲ ಪಂಪಿನ ದಂಡದಲ್ಲಿ ತೋಡು ಕೊರೆಯುವುದರಲ್ಲೇ ಕಳೆದವಳು. ಕನ್ನಡಕ ಮೇಲೆತ್ತಿ ಬಗ್ಗಿ ನೋಡಿದಳು.

"ದಂಡಾನೂ ನೀನೇ ಮಾಡಿದ್ದಾ?"

"ನಾನೇ."

"ಪಿಸ್ಟನ್ನು? ಚಕ್ರ? ಈ ಪುಟಾಣಿ ಸ್ಕ್ರೂಗಳು?"

"ನಾನೇ. ಎಲ್ಲಾ ನಾನೇ."

"ಬಾಯ್ಲರ್ರೂ?"

ಬುಷ್ಷಮ್ಮ ಗದ್ದದಿಂದ ಗೋಡೆಯ ಬಳಿಯಿದ್ದ ಗಂಡನ ಕಡೆ ತೋರಿಸಿದಳು. "ಅದು ನಾವಿಬ್ಬರು. ದೊಡ್ಡ ಉರಿ ಅವರದು. ಅವರ ಕೈ ಇಲ್ಲದಿದ್ರೆ ಇದು ಆಗ್ತಿರಲಿಲ್ಲ."

ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಬಗ್ಗಿ ಬಾಯ್ಲರಿನ ಕೆಳಗಿನ ಸಂದನ್ನು ಪರೀಕ್ಷಿಸಿ, ನೆಟ್ಟಗಾಗಿ, "ಕಂಡಕ್ಟರ್ರೇ, ಇದು ನೀವಾ?" ಎಂದು ನಗೆಯಿಲ್ಲದೆ ಕೇಳಿದ. ಕಂಡಕ್ಟರ್ ತಲೆಯಾಡಿಸಿದ. ಹೆಂಡತಿಯ ಬಗ್ಗೆ ಹೆಮ್ಮೆ ಅವನಿಗೆ ಹಳೆಯ ಅಭ್ಯಾಸ. ಅದನ್ನು ಎಲ್ಲಿ ಬೇಕಾದರೂ ಹೊತ್ತು ತಿರುಗಬಲ್ಲ. ಆದರೆ ತನ್ನ ಕೈಯ ಬಗ್ಗೆ ಬಂದ ಈ ಹೊಸ ಹೆಮ್ಮೆಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ, ಮುಂದಕ್ಕೆ ತಂದ, ಕೊನೆಗೆ ಕನ್ನಡಕ ತೆಗೆದು ಒರೆಸತೊಡಗಿದ.

ವಾಪಸು ಹೊರಟಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಾಯ್ಲರು ಎಂಜಿನ್ನುಗಳನ್ನು ಬಟ್ಟೆಯಲ್ಲಿ ಸುತ್ತಿ ಒಂದೇ ಪೆಟ್ಟಿಗೆಯಲ್ಲಿಟ್ಟು ಕಂಡಕ್ಟರ್ ತೊಡೆಯ ಮೇಲಿಟ್ಟುಕೊಂಡಿದ್ದ. ಎಳೆ ವಯಸ್ಸಿನ ಬಸ್ ಕಂಡಕ್ಟರ್ ಬಂದು, "ಭಾರದ ಪೆಟ್ಟಿಗೆ, ಕೆಳಗಿಡಿ ಅಜ್ಜ," ಎಂದ.

"ಇರ್ಲಿ ಬಿಡಪ್ಪ. ಇನ್ನೂ ಬೆಚ್ಚಗಿದೆ."

ಹುಡುಗನಿಗೆ ಅರ್ಥವಾಗಲಿಲ್ಲ, ಮುಂದಕ್ಕೆ ಹೋದ. ಬುಷ್ಷಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು.

"ರೀ, ಇನ್ನೊಂದು ಬಾಯ್ಲರ್ ಮಾಡೋಣ. ಇದರ ಎರಡರಷ್ಟು ದೊಡ್ಡದು. ಅಡ್ಡ ಮಲಗೋ ಅಂಥದ್ದು."

"ಅಡ್ಡ ಮಲಗಿದ್ರೆ ಉರಿ ಎಲ್ಲಿಂದ ಹಿಡಿಯೋದು?"

"ಅದನ್ನೇ ಯೋಚಿಸ್ತಿದೀನಿ. ತಿರುಗಿಸ್ತಾ ಕಾಯಿಸ್ಬೇಕಾಗುತ್ತೆ."

"ತಿರುಗಿಸೋದು ಯಾರು? ನನ್ನ ಎರಡೂ ಕೈ ಉರಿ ಮೇಲಿರುತ್ತೆ. ಕೆಳಗೆ ಉರುಳುಗಾಲಿ ಇಟ್ರೆ?"

ಅವಳು ಅವನ ಕಡೆ ತಿರುಗಿದಳು. "ಎಂಥ ಉರುಳುಗಾಲಿ?"

ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಅವಳು ಆ ಗೆರೆಯನ್ನು ಒರೆಸುವಂತೆ ಅಂಗೈಯಾಡಿಸಿ ತಾನು ಬೇರೆ ಎಳೆದಳು. ಅದು ಸರಿಯಿಲ್ಲ, ಇದು ಸರಿ ಎಂದು ಇಬ್ಬರೂ ವಾದ ಮಾಡುತ್ತಿದ್ದಾಗ ಅವರ ನಿಲ್ದಾಣ ಬಂದು ಹೋಯಿತು. ಊರಿನ ನಿಲ್ದಾಣಗಳನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲ ಕಂಡಕ್ಟರಿಗೆ ಅದು ಗೊತ್ತಾದದ್ದು ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತು ದೀಪ ಆರಿಸಿದಾಗಲೇ. ಪೆಟ್ಟಿಗೆಯ ಒಂದು ಕಿವಿ ಅವನು, ಇನ್ನೊಂದು ಕಿವಿ ಅವಳು ಹಿಡಿದು, ಉರುಳುಗಾಲಿಯ ಮಾತಾಡುತ್ತಲೇ ಮನೆಯ ಕಡೆ ಹಿಂದಿರುಗಿ ನಡೆದರು.